ಕೈ ತೆಗೆದು ನೋಡಿ

ಅವರು ಅಂಗೈ ಎತ್ತಿದರೆಂದರೆ ಲೋಕವೆಲ್ಲ ಮೂರು ನಿಮಿಷ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಗಂಟೆ ಕಾಲಾದಾಗ ಒಮ್ಮೆ, ಮುಕ್ಕಾಲಾದಾಗ ಇನ್ನೊಮ್ಮೆ. ಹಡಗಿನಲ್ಲಿ ರೇಡಿಯೋ ಅಧಿಕಾರಿಯಾಗಿ ಸಮುದ್ರ ಸುತ್ತಿದ ಕಾಲದ ಅಭ್ಯಾಸ ಅದು. ಆ ಹೊತ್ತಿನಲ್ಲಿ ಎಲ್ಲ ಹಡಗುಗಳೂ ತಮ್ಮ ಮಾತು ನಿಲ್ಲಿಸಿ, ಎಲ್ಲಾದರೂ ಯಾರಾದರೂ ಮುಳುಗುತ್ತ ಕೂಗುತ್ತಿದ್ದಾರೆಯೇ ಎಂದು ಕಿವಿಗೊಡಬೇಕಿತ್ತಂತೆ. ನಿವೃತ್ತರಾಗಿ ಬೆಟ್ಟದಪುರದ ಪಕ್ಕದ ಹುಟ್ಟೂರಿಗೆ ಬಂದ ಮೇಲೂ ಅವರು ಅದನ್ನು ಬಿಡಲಿಲ್ಲ. ಲಕ್ಷ್ಮಣತೀರ್ಥ ನದಿಯಲ್ಲಿ ಎಮ್ಮೆಯ ಹೊಟ್ಟೆ ನೆನೆಯುವಷ್ಟೂ ನೀರಿಲ್ಲದ ಬೇಸಿಗೆಯಲ್ಲಿ, ಹುಣಸೂರಿನ ಬಸ್ ನಿಲ್ದಾಣದ ಗದ್ದಲದ ನಡುವೆ ನಿಂತು, ಮುಳುಗುವವರಿಗಾಗಿ ಕಿವಿಗೊಡುತ್ತಿದ್ದರು.

ಕೆ.ಆರ್. ನಗರದ ಒಂದು ಮದುವೆ ಊಟ ನೆನಪಾಗುತ್ತದೆ. ಬಡಿಸುವವನು ಪಾಯಸದ ಬಕೆಟ್ ಹಿಡಿದು ನಮ್ಮ ಪಂಕ್ತಿಗೆ ಬರುವುದಕ್ಕೂ ಗಡಿಯಾರದಲ್ಲಿ ಒಂದೂ ಮುಕ್ಕಾಲಾಗುವುದಕ್ಕೂ ಸರಿಹೋಯಿತು. ಇವರು ಅಂಗೈ ಎತ್ತಿದರು.

"ಬ್ಯಾಡ್ವಾ ಸಾರ್?" ಎಂದ ಅವನು. ಅಂಗೈ ಅಲ್ಲಾಡಲಿಲ್ಲ.

"ಸಕ್ಕರೆ ಕಾಯ್ಲೆ ಇರಬೇಕು, ಬುಡು ಅತ್ಲಾಗೆ," ಎಂದು ಎದುರಿನ ಸಾಲಿನವರೊಬ್ಬರು ತೀರ್ಪು ಕೊಟ್ಟರು. ಬಕೆಟ್ ಮುಂದಕ್ಕೆ ಹೋಯಿತು. ಮೂರು ನಿಮಿಷ ಮುಗಿದ ಮೇಲೆ ಇವರು ನನ್ನ ಕಡೆ ತಿರುಗಿ, "ಏನ್ರೀ ಇದು, ಪಾಯಸ ಇಲ್ಲದ ಮದುವೇನಾ?" ಎಂದರು. ನಾನು ನನ್ನ ದೊನ್ನೆಯನ್ನು ಅವರ ಎಲೆಯತ್ತ ಸರಿಸಿದೆ. ನನ್ನದನ್ನು ಅವರ ಕಡೆ ಸರಿಸುವುದು ಅಷ್ಟರಲ್ಲೇ ನನಗೆ ರೂಢಿಯಾಗಿತ್ತು.

ನಾವು ಅವರನ್ನು ಓಎಂ ಎನ್ನುತ್ತಿದ್ದೆವು. ಮನೆಯಲ್ಲೇ ಯಂತ್ರ ಕಟ್ಟಿಕೊಂಡು ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೋದವರಲ್ಲಿ ಗಂಡಸರೆಲ್ಲರೂ ಒಬ್ಬರನ್ನೊಬ್ಬರು ಹಾಗೆಯೇ ಕರೆಯುವುದು. ಓಲ್ಡ್ ಮ್ಯಾನ್, ಮುದುಕಪ್ಪ ಎಂದಷ್ಟೇ ಅದರ ಅರ್ಥ, ಇಪ್ಪತ್ತರ ಹುಡುಗನೂ ಓಎಂ. ಆದರೆ ನಮ್ಮ ಸುತ್ತಮುತ್ತಲ ತಾಲ್ಲೂಕುಗಳಲ್ಲಿ ಬರೀ ಓಎಂ ಎಂದರೆ ಅವರೊಬ್ಬರೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯದೆ ಇರುವುದಕ್ಕೆ ಕಾರಣ ಗೌರವವೋ ಸಿಟ್ಟೋ ಎಂದು ಎರಡು ವಾರದಿಂದ ಯೋಚಿಸುತ್ತಿದ್ದೇನೆ. ಯೋಚನೆ ಮಾಡುವುದು ನನ್ನ ಮುಖ್ಯ ಕಸುಬು; ಬಿಡುವಿನ ವೇಳೆಯಲ್ಲಿ ಹುಣಸೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ನಡೆಸುತ್ತೇನೆ.

ಇವರು ನನ್ನ ಅಂಗಡಿಗೆ ಮೊದಲು ಬಂದದ್ದು ತಾಮ್ರದ ತಂತಿ ಕೇಳಿಕೊಂಡು. "ಯಾವ ಮೋಟಾರಿಗೆ ಸಾರ್?" ಎಂದೆ. "ಮೋಟಾರಿಗಲ್ಲ ಕಣ್ರೀ, ಕುಳ್ಳನೊಬ್ಬನಿಗೆ ನೀನು ಎತ್ತರ ಇದೀಯ ಅಂತ ನಂಬಿಸೋದಕ್ಕೆ," ಎಂದರು.

ಅವರ ಬಳಿ ಕಲಿತು ನಾನೂ ಹವ್ಯಾಸಿಯಾದ ಮೇಲೆ ತಿಳಿದ ಆ ಮಾತಿನ ಅರ್ಥ ಇಷ್ಟು. ನಮ್ಮಂಥ ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿರುವ ತೀರ ಕೆಳಗಿನ ಆವರ್ತನಗಳಲ್ಲಿ ರೇಡಿಯೋ ಅಲೆಯೊಂದರ ಉದ್ದವೇ ಅರ್ಧ ಕಿಲೋಮೀಟರಿಗಿಂತ ಹೆಚ್ಚು. ಅದಕ್ಕೆ ತಕ್ಕ ಆಂಟೆನಾ ನಿಲ್ಲಿಸಬೇಕೆಂದರೆ ಬೆಟ್ಟದಪುರದ ಬೆಟ್ಟವನ್ನೇ ಕೇಳಬೇಕು. ನಮ್ಮ ಹಿತ್ತಿಲಲ್ಲಿ ಆಗುವುದು ತೆಂಗಿನಮರದ ಎತ್ತರದ ಒಂದು ತಂತಿ. ಕಡಿಮೆ ಬಿದ್ದ ಉದ್ದವನ್ನು ತಾಮ್ರದ ಸುರುಳಿಯೊಂದು ತುಂಬಿಕೊಡುತ್ತದೆ. ನಾವು ಅದಕ್ಕೆ ಕಾಯಿಲ್ ಎನ್ನುತ್ತೇವೆ. ಪೇಂಟಿನ ದೊಡ್ಡ ಬಕೆಟ್ ಮೇಲೆ ಒತ್ತೊತ್ತಾಗಿ ತಂತಿ ಸುತ್ತಿ, ವಾರ್ನಿಷ್ ಬಳಿದು ಒಣಗಿಸಿ, ಎಷ್ಟನೆಯ ಸುತ್ತಿಗೆ ಕ್ಲಿಪ್ ಕಚ್ಚಿಸಿದರೆ ಆ ಕುಳ್ಳ ತಂತಿ ಮೋಸಹೋಗುತ್ತದೆ ಎಂದು ಹುಡುಕಬೇಕು. ಸರಿಯಾದ ಸುತ್ತು ಸಿಕ್ಕಿದಾಗ, ಕಾಯಿಲ್ ಪಕ್ಕದ ಕಂಬಕ್ಕೆ ಕಟ್ಟಿಟ್ಟ ಟೆಸ್ಟರಿನ ದೀಪ ಯಾವ ವೈರಿನ ಸಂಪರ್ಕವೂ ಇಲ್ಲದೆ ಕೆಂಪಗೆ ಹತ್ತಿಕೊಳ್ಳುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಾನು ಕೈಮುಗಿದಿದ್ದೆ.

"ಕೈ ಮುಗೀಬೇಡಿ, ಕೈ ತೆಗ್ದು ನೋಡಿ," ಎಂದಿದ್ದರು ಓಎಂ.

ಅವರ ಇಡೀ ವಿದ್ಯೆ ಆ ಒಂದು ಮಾತಿನಲ್ಲಿತ್ತು. ಕಾಯಿಲ್ ಹತ್ತಿರ ಮನುಷ್ಯ ನಿಂತಿದ್ದರೆ ಅವನ ಮೈಯೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ನೀವು ಪಕ್ಕದಲ್ಲಿರುವಷ್ಟು ಹೊತ್ತು ಎಲ್ಲ ಸರಿಯಾಗಿರುತ್ತದೆ, ದೀಪ ಉರಿಯುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದಿರೋ, ಆರಿಹೋಗುತ್ತದೆ. ಆದ್ದರಿಂದ ಬಿದಿರು ಕಡ್ಡಿಯಿಂದ ಕ್ಲಿಪ್ ಸರಿಸಬೇಕು, ದೂರ ಹೋಗಬೇಕು, ನೋಡಬೇಕು, ಮತ್ತೆ ಬರಬೇಕು. "ನೀವು ಇಲ್ಲದಾಗ ಅದು ಹೇಗಿರುತ್ತೆ, ಅದೇ ಅದರ ನಿಜ ಕಣ್ರೀ." ಇದನ್ನು ನಾನು ಕಾಯಿಲಿನ ಬಗ್ಗೆ ಹೇಳಿದ ಮಾತು ಎಂದೇ ತಿಳಿದಿದ್ದೆ.

ಪೇಟೆಯಲ್ಲಿ ಈ ಹವ್ಯಾಸ ನಡೆಯುವುದಿಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು ಎಲ್ಲವೂ ಕೆಳಗಿನ ಆವರ್ತನದಲ್ಲಿ ಜೇನುಗೂಡಿನಂತೆ ಗುಂಯ್‌ಗುಟ್ಟುತ್ತವೆ. ಓಎಂಗೆ ನಿಶ್ಶಬ್ದದ ಜಾಗ ಬೇಕಾಗಿತ್ತು. ಹುಡುಕಿಕೊಟ್ಟವನು ನಾನೇ. ಹೆಗ್ಗಡದೇವನಕೋಟೆಯ ಕಡೆ, ಕಾಡಿನ ಅಂಚಿಗೆ ಹೊಂದಿಕೊಂಡು ನನ್ನ ಬಾಮೈದ ಮಾದೇಶನ ಹೊಲವಿದೆ. ಅಲ್ಲಿ ಅವನ ಮನೆಯ ಹಿಂದೆ ಖಾಲಿ ಬಿದ್ದಿದ್ದ ಎರಡು ಕೋಣೆಯ ಒಂದು ಹಳೆಯ ಮನೆ.

"ಯಾರ್ ಭಾವ ಅವ್ರು? ಕಾಡಂಚಲ್ಲಿ ಕುಂತ್ಕಂಡು ವೈರ್‌ಲೆಸ್ ಮಾಡ್ತಾರೆ ಅಂದ್ರೆ ಪೋಲೀಸ್ನೋರು ಬರಕ್ಕಿಲ್ವಾ?" ಎಂದು ಮಾದೇಶ ಹಿಂಜರಿದ.

"ಲೈಸೆನ್ಸ್ ಇದೆ ಮಾರಾಯ. ದೇವರಂಥ ಮನುಷ್ಯ. ಏನಾದರೂ ಆದರೆ ನಾನು ಜವಾಬ್ದಾರಿ," ಎಂದೆ.

ನಾನು ಸಾಮಾನ್ಯವಾಗಿ ಮಳೆ ಬರುತ್ತದೆಂದೂ ಜವಾಬ್ದಾರಿ ಹೊತ್ತು ಹೇಳುವವನಲ್ಲ. ಜೀವಮಾನದಲ್ಲಿ ಒಮ್ಮೆ ಹೇಳಿದೆ.

ಆ ಜಾಗದಲ್ಲಿದ್ದ ಸದ್ದು ಒಂದೇ. ಆನೆ ಬರದಂತೆ ಮಾದೇಶ ಹೊಲದ ಸುತ್ತ ಹಾಕಿಸಿದ್ದ ಸೋಲಾರ್ ಬೇಲಿ. ಕ್ಷಣಕ್ಕೊಮ್ಮೆ ಅದರ ತಂತಿಯಲ್ಲಿ ಕರೆಂಟು ಹೊಡೆಯುತ್ತದೆ, ಹೊಡೆದಾಗಲೆಲ್ಲ ರೇಡಿಯೋದಲ್ಲಿ ಟಿಕ್ ಎನ್ನುತ್ತದೆ. ಸಂಜೆಯಾದೊಡನೆ ಅದರ ಸ್ವಿಚ್ ಹಾಕುವ ಕೆಲಸ ಮಾದೇಶನ ಹೆಂಡತಿ ರತ್ನಳದು. "ಆ ಟಿಕ್ ಏನೂ ತೊಂದರೆಯಿಲ್ಲ, ಎರಡು ಟಿಕ್ ಮಧ್ಯೆ ಕೇಳಿಸ್ಕೊಳ್ತೀನಿ," ಎಂದರು ಓಎಂ. ಎಂಥ ಸಾಧಕ ಎಂದುಕೊಂಡೆ.

ರತ್ನ ಅವರಿಗೆ ಎರಡು ಹೊತ್ತು ಊಟ ಕಳಿಸುತ್ತಿದ್ದಳು. ಮಾದೇಶ ಅವರನ್ನು 'ಅಡಗಿನ ಸಾಹೇಬ್ರು' ಎಂದು ಊರಿಗೆಲ್ಲ ಪರಿಚಯ ಮಾಡಿಸಿದ. ಕೆಲವೇ ತಿಂಗಳಲ್ಲಿ ಓಎಂ ಪವಾಡ ಮಾಡಿದರು. ಚುಕ್ಕಿ-ಗೆರೆಯ ಸಂಕೇತದಲ್ಲಿ ಅವರು ಕಳಿಸಿದ ಮೋರ್ಸ್ ಸದ್ದು ಶ್ರೀಲಂಕಾದಲ್ಲಿ ಕೇಳಿಸಿತೆಂದು ಅಲ್ಲಿಯ ಹವ್ಯಾಸಿಯೊಬ್ಬರು ಬರೆದರು. ಅಷ್ಟು ಕುಳ್ಳ ತಂತಿಯಿಂದ, ಅಷ್ಟು ಕಡಿಮೆ ಶಕ್ತಿಯಿಂದ! ನಾನು ಗುಟ್ಟು ಕೇಳಿದೆ. ಆಂಟೆನಾದ ಅರ್ಧ ಮೇಲಿನ ತಂತಿಯಾದರೆ ಇನ್ನರ್ಧ ಕಾಲಡಿಯ ಭೂಮಿ. ಭೂಮಿ ಒಣಗಿದ್ದರೆ ಕಳಿಸಿದ್ದೆಲ್ಲ ಅಲ್ಲೇ ಬಿಸಿಯಾಗಿ ಸಾಯುತ್ತದೆ. "ನುಗ್ಗೆಮರದ ಬುಡದಲ್ಲಿ ತಾಮ್ರದ ಪಟ್ಟಿ ಹೂತಿದೀನಿ ಕಣ್ರೀ, ದಿನಾ ಸ್ನಾನದ ನೀರು ಅಲ್ಲಿಗೇ ಬಿಡ್ತೀನಿ. ಅಷ್ಟೇ," ಎಂದರು. ಕಾಯಿಲಿಗೆ ಎಷ್ಟು ಸುತ್ತು ಎಂಬ ಲೆಕ್ಕವನ್ನೂ ಕೊಟ್ಟರು.

ನಾನು ಹುಣಸೂರಿನ ಹಿತ್ತಿಲಲ್ಲಿ ಅಷ್ಟೇ ಎತ್ತರದ ತಂತಿ ಕಟ್ಟಿದೆ. ಅಷ್ಟೇ ಸುತ್ತು ಸುತ್ತಿದೆ. ನುಗ್ಗೆಮರ ಇರಲಿಲ್ಲ, ಕರಿಬೇವಿನ ಗಿಡದ ಬುಡಕ್ಕೆ ಪಟ್ಟಿ ಹೂತು ಸ್ನಾನದ ನೀರು ಹೊತ್ತು ಹಾಕಿದೆ.

"ಭೂಮಿತಾಯಿಗೆ ಸೀಗೇಕಾಯಿನೂ ಹಾಕಿ, ತಲೆಗೂದಲು ಚೆನ್ನಾಗಿ ಬರುತ್ತೆ," ಎಂದಳು ನನ್ನ ಹೆಂಡತಿ.

ಟೆಸ್ಟರು ಹತ್ತಲಿಲ್ಲ. ಅವರ ಲೆಕ್ಕಕ್ಕಿಂತ ಹೆಚ್ಚು ಸುತ್ತು ಸೇರಿಸಿದೆ, ಇನ್ನೂ ಸೇರಿಸಿದೆ. ಕಾಲುಭಾಗ ಹೆಚ್ಚಾದ ಮೇಲೆ ಅದು ಮಂಕಾಗಿ ಮಿಣುಕಿತು, ಮೈಸೂರಿನವರಿಗೂ ನನ್ನ ಸದ್ದು ಸರಿಯಾಗಿ ಕೇಳಲಿಲ್ಲ. ತಂತಿ ಸುತ್ತುವುದೇ ನನ್ನ ಹೊಟ್ಟೆಪಾಡು, ಅದರಲ್ಲೇ ಸೋತೆ. ವಯಸ್ಸಾಯಿತೇ, ಕಣ್ಣು ಮಂಜಾಯಿತೇ, ಅಂಗಡಿಯಲ್ಲಿ ಕಟ್ಟಿಕೊಡುವ ಮೋಟಾರುಗಳೂ ಹೀಗೇ ಆಗಿವೆಯೇ, ರೈತರು ಪಾಪವೆಂದು ಸುಮ್ಮನಿದ್ದಾರೆಯೇ ಎಂದೆಲ್ಲ ಹೆದರಿ ಕಣ್ಣಿನ ಡಾಕ್ಟರ ಬಳಿಗೂ ಹೋಗಿಬಂದೆ.

ಇದರ ನಡುವೆ ಮೈಸೂರಿನಲ್ಲಿ ಹವ್ಯಾಸಿಗಳ ಸಭೆಯೊಂದರಲ್ಲಿ ಓಎಂ ಕಾಯಿಲಿನ ಬಗ್ಗೆ ಮಾತನಾಡಲು ನನ್ನನ್ನೇ ನಿಲ್ಲಿಸಿದರು. "ನಂಗೆ ವೇದಿಕೆ ಆಗಲ್ಲ, ನಮ್ಮ ಶಿಷ್ಯರು ಹೇಳ್ತಾರೆ," ಎಂದರು ಓಎಂ. ನುಗ್ಗೆಮರ, ಸ್ನಾನದ ನೀರು ಸಮೇತ ಎಲ್ಲ ಹೇಳಿದೆ. ಕೇಳಿ ಹೋದವರು ಸುತ್ತಿ ನೋಡಿದರು, ಯಾರದೂ ಹೊಂದಲಿಲ್ಲ. ಮುಂದಿನ ಸಭೆಯಲ್ಲಿ ಒಬ್ಬರು ಎದ್ದು, "ಹುಣಸೂರಿನವರು ಲೆಕ್ಕ ತಪ್ಪು ಹೇಳಿದ್ದಾರೆ," ಎಂದರು. ಮೊದಲ ಸಾಲಿನಲ್ಲಿ ಕುಳಿತಿದ್ದ ಓಎಂ ಕಡೆ ನೋಡಿದೆ. ಅವರು ಮುಗುಳ್ನಕ್ಕು, "ನಮ್ಮವರ ಕೈ ಇನ್ನೂ ಪಳಗಬೇಕು," ಎಂದರು. ಸಭೆಯೂ ನಕ್ಕಿತು. ಬಸ್ಸಿನಲ್ಲಿ ವಾಪಸು ಬರುವಾಗ ಬಿಳಿಕೆರೆ ದಾಟುವವರೆಗೂ ನನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದೆ.

ಆಮೇಲೆ ಅಂಡಮಾನ್ ಸಿಕ್ಕಿತು. ಬೆಳಿಗ್ಗೆ ಫೋನ್ ಮಾಡಿ, "ನಿನ್ನೆ ಸಂಜೆ ಅಂಡಮಾನಿನವರ ಜೊತೆ ಮಾತಾಯ್ತು ಕಣ್ರೀ!" ಎಂದರು. ನಾನು ಮೈಸೂರ್‌ಪಾಕ್ ಕಟ್ಟಿಸಿಕೊಂಡು ಕೋಟೆ ಬಸ್ಸು ಹತ್ತಿದೆ.

ಅಲ್ಲಿ ಇಳಿದರೆ ಮಾದೇಶನ ಬಾಳೆತೋಟ ನೆಲಕ್ಕೆ ಮಲಗಿತ್ತು. ಬೆಳಗಿನ ಜಾವ ಆನೆಗಳು ಬೇಲಿ ದಾಟಿ ಬಂದು, ಬಾಳೆ ಮುಗಿಸಿ, ರಾಗಿ ತುಳಿದು, ಪಂಪ್‌ಮನೆಯ ಗೋಡೆ ಒರಗಿಸಿ ಹೋಗಿದ್ದವು. ಬೇಲಿಯ ಸ್ವಿಚ್ ಆಫ್ ಆಗಿತ್ತು.

"ಸ್ವಿಚ್ ಆಕದ್ ಒಂದ್ ಕೆಲ್ಸ ಕಣ್ಲೇ ನಿಂಗೆ! ಟೀವಿ ಮುಂದೆ ಕುಂತ್ಕಂಡು ಮರೆತ್ಬುಟ್ಯಾ?" ಎಂದು ಮಾದೇಶ ಅಂಗಳದಲ್ಲಿ ಹೆಂಡತಿಯ ಮೇಲೆ ಎಗರುತ್ತಿದ್ದ. ರತ್ನ ನನ್ನ ಬಳಿ ಓಡಿಬಂದಳು. "ಅಣ್ಣ, ನಾನು ಆಕಿದ್ದೆ ಕಣಣ್ಣ. ನಮ್ಮಪ್ಪನಾಣೆ ಆಕಿದ್ದೆ."

ನಾನು ಓಎಂ ಮುಖ ನೋಡಿದೆ. ಅವರು ಜಗಲಿಯ ಮೇಲೆ, ಅವಳೇ ತಂದುಕೊಟ್ಟ ಟೀ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಮೆತ್ತಗೆ ಹೇಳಿದರು: "ಬೈಬೇಡಿ ಮಾದೇಶ, ಪಾಪ. ಮರೆವು ಯಾರಿಗೆ ಬರಲ್ಲ ಹೇಳಿ? ಹೋಗ್ಲಿ ಬಿಡಮ್ಮ."

ಎಷ್ಟು ದೊಡ್ಡ ಮನಸ್ಸು ಎಂದುಕೊಂಡು ನಾನೂ, "ಹೋಗ್ಲಿ ಬಿಡಮ್ಮ," ಎಂದೆ. ರತ್ನ ನಮ್ಮಿಬ್ಬರನ್ನೂ ನೋಡಿ ಒಳಗೆ ಹೋದಳು. ಮಾರನೆಯ ದಿನ ಪಿರಿಯಾಪಟ್ಟಣದ ತವರಿಗೆ ಹೊರಟುಹೋದಳಂತೆ. ಮಾದೇಶ ಕರೆಯಲು ಹೋಗಲಿಲ್ಲ. ನಾನು ತಂದ ಮೈಸೂರ್‌ಪಾಕನ್ನು ಓಎಂ ತಿಂದರು.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಸಂಜೆ, ಪಂಪ್‌ಮನೆಗೆ ಹೊಸ ಮೋಟಾರು ಕೂರಿಸಿಕೊಟ್ಟು ಮಾದೇಶನ ಜಗಲಿಯಲ್ಲಿ ಒಬ್ಬನೇ ಕುಳಿತಿದ್ದೆ. ನಾನು ಬಂದಿರುವುದು ಓಎಂಗೆ ತಿಳಿದಿರಲಿಲ್ಲ. ಯಾವಾಗಲೂ 'ಮೊದಲೇ ಫೋನ್ ಮಾಡಿ ಬನ್ನಿ' ಎನ್ನುತ್ತಿದ್ದರು, ಅಂದು ಮರೆತಿದ್ದೆ. ಜೊತೆಗಿದ್ದ ಸಣ್ಣ ರಿಸೀವರನ್ನು ಅವರ ಆವರ್ತನಕ್ಕೆ ತಿರುಗಿಸಿ ಕಿವಿಗೆ ಹಚ್ಚಿಕೊಂಡೆ. ಟಿಕ್, ಟಿಕ್, ಟಿಕ್. ಬೇಲಿ. ಆಮೇಲೆ ಟಿಕ್ ನಿಂತಿತು. ಎರಡು ಉಸಿರು ಎಳೆಯುವಷ್ಟರಲ್ಲಿ ಓಎಂ ಮೋರ್ಸ್ ಕಿವಿ ಹರಿಯುವಂತೆ ಬಂತು.

ಮನುಷ್ಯ ಚಿಂತೆಯ ಸ್ವಭಾವದವನಾಗಿದ್ದರೆ ಒಂದು ಲಾಭವಿದೆ: ಕೆಟ್ಟದ್ದು ಎದುರಿಗೆ ಬಂದಾಗ ಗುರುತು ಹಿಡಿಯುವುದು ತಡವಾಗುವುದಿಲ್ಲ. ಎದ್ದು ಹಿಂದಿನ ಮನೆಗೆ ಹೋದೆ. ಅದರ ಹೊರಗೋಡೆಗಿದ್ದ ಬೇಲಿಯ ಪೆಟ್ಟಿಗೆಯ ಸ್ವಿಚ್ ಆಫ್ ಆಗಿತ್ತು. ಬೇಲಿ ತಂತಿಗೆ ಒಂದು ಕ್ಲಿಪ್ಪು ಕಚ್ಚಿಕೊಂಡಿತ್ತು. ಅದರಿಂದ ಹೊರಟ ವೈರು ಓಎಂ ಕಿಟಕಿಯೊಳಗೆ, ಕಾಯಿಲಿನ ಬುಡಕ್ಕೆ ಹೋಗಿತ್ತು. ವೈರು ನನ್ನ ಅಂಗಡಿಯದೇ. ಅರ್ತಿಂಗ್‌ಗೆ ಬೇಕೆಂದು ಕೇಳಿದ್ದಕ್ಕೆ ನಾನೇ ಕೊಟ್ಟಿದ್ದೆ. ನುಗ್ಗೆಮರದ ಬುಡ ಒಣಗಿ ಬಿರುಕು ಬಿಟ್ಟಿತ್ತು. ಅಷ್ಟುದ್ದದ ಬೇಲಿಯೇ ಅವರ ಭೂಮಿ! ಅಷ್ಟು ತಂತಿ ಸೇರಿಕೊಂಡರೆ ಕಾಯಿಲಿಗೆ ಸುತ್ತು ಕಡಿಮೆ ಸಾಕು. ನನ್ನ ಕೈ ಸರಿಯಾಗಿಯೇ ಇತ್ತು.

ಬಾಗಿಲಲ್ಲಿ ನಿಂತು ಬಾಯಿ ತೆರೆದೆ. ಅವರು ನನ್ನನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು, ಅಂಗೈ ಎತ್ತಿದರು.

ಆರೂ ಮುಕ್ಕಾಲು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ: ನಾನು ಸುಮ್ಮನೆ ನಿಂತೆ. ಅಭ್ಯಾಸಬಲ, ಮೂರು ನಿಮಿಷ ಪೂರ್ತಿ ನಿಂತೆ. ಅಷ್ಟರಲ್ಲಿ ನನ್ನ ಬೈಗುಳಗಳೆಲ್ಲ ಒಂದೊಂದಾಗಿ ತಣ್ಣಗಾದವು.

"ಏನು ಕೇಳಿಸ್ತು?" ಎಂದರು ಮುಗಿದ ಮೇಲೆ.

"ಏನೂ ಕೇಳಿಸಲಿಲ್ಲ."

"ನೋಡಿ, ಎಷ್ಟು ಚೆನ್ನಾಗಿದೆ! ಅರ್ಧ ಗಂಟೆ ಅಷ್ಟೇ ಕಣ್ರೀ. ರತ್ನಮ್ಮನೋ ಮಾದೇಶನೋ ಹಾಕಿ ಹೋದ ಮೇಲೆ ತೆಗೀತೀನಿ, ಮುಗಿದ ಮೇಲೆ ಮತ್ತೆ ಹಾಕಿಡ್ತೀನಿ. ಅಂಡಮಾನ್ ಸಿಕ್ಕಿದ ದಿನ ಮಾತ್ರ… ಸಂತೋಷದಲ್ಲಿ ಮರೆತುಹೋಯ್ತು."

"ಆ ಹೆಣ್ಣುಮಗಳು ತವರಲ್ಲಿ ಕೂತಿದ್ದಾಳೆ ಸಾರ್."

"ನಾನು ಅವಳ ಪರವಾಗೇ ಮಾತಾಡಿದ್ನಲ್ರೀ!"

"ಮಾದೇಶನಿಗೆ ನೀವೇ ಹೇಳಬೇಕು."

"ಹೇಳ್ತೀನಿ. ನೀವು ಹುಣಸೂರಿಗೆ ಹೊರಡಿ, ನಾನೇ ಹೇಳ್ತೀನಿ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ನಂಬಿ ಕೊನೆಯ ಬಸ್ಸು ಹತ್ತಿದೆ.

ಹೇಳಿದರು. ಎರಡು ದಿನ ಬಿಟ್ಟು ಮಾದೇಶ ನನ್ನನ್ನು ಕರೆಸಿಕೊಂಡ. ಓಎಂ ಆಗಲೇ ಸಾಮಾನು ಕಟ್ಟಿಕೊಂಡು ತಂಗಿಯ ಮಗಳ ಮನೆಗೆ ಹೋಗಿಯಾಗಿತ್ತು. ಮಾದೇಶ ಕ್ಲಿಪ್ಪು ವೈರು ಎರಡನ್ನೂ ನನ್ನ ಮುಂದೆ ಹಾಕಿದ.

"ಸಾಹೇಬ್ರು ಎಲ್ಲ ಯೋಳುದ್ರು ಭಾವ. 'ನನ್ ಶಿಷ್ಯ, ಕಲಿಯೋ ಆಸೇಗೆ ಬೇಲಿಗೆ ವೈರ್ ಸಿಗಿಸ್ಬುಟ್ಟ, ಬೈಬೇಡಿ' ಅಂತ ಕೈ ಮುಗುದ್ರು. ಅಷ್ಟ್ ವಯಸ್ಸಾದೋರು ನಿಮ್ಗೋಸ್ಕರ ಕೈ ಮುಗಿಯಂಗ್ ಮಾಡುದ್ರಲ್ಲ ಭಾವ."

"ನಾನಾ?"

"ಮತ್ತೆ? ಈ ವೈರ್ ನಿಮ್ ಅಂಗ್ಡೀದಲ್ವಾ?"

ನಮ್ಮ ಅಂಗಡಿಯದೇ. ಆನೆ ಬಂದ ಹಿಂದಿನ ಸಂಜೆ ನಾನು ಹುಣಸೂರಿನಲ್ಲಿದ್ದೆ ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಬಾಗಿಲಲ್ಲಿ ರತ್ನ ಕಾಣಿಸಿದಳು. ಅಂದು ಬೆಳಿಗ್ಗೆಯಷ್ಟೇ ಮಾದೇಶ ಹೋಗಿ ಕರೆತಂದಿದ್ದನಂತೆ. ಬ್ಯಾಗು ಇನ್ನೂ ಜಗಲಿಯ ಮೇಲೇ ಇತ್ತು. ನಾನಲ್ಲ ಎಂದು ಸಾಧಿಸಿದರೆ ಮಾದೇಶ ಸಾಹೇಬರನ್ನಂತೂ ಅನುಮಾನಿಸುವವನಲ್ಲ. ತಪ್ಪು ಹೊರಲು ಉಳಿಯುವವಳು ಅವಳೊಬ್ಬಳೇ.

"ಆಯ್ತು ಬಿಡು," ಎಂದೆ.

ಇದನ್ನು ಯಾರೂ ತ್ಯಾಗವೆಂದು ತಿಳಿಯಬಾರದು. ವಾದ ಮಾಡಿ ಗೆದ್ದ ಅಭ್ಯಾಸವೇ ನನಗಿಲ್ಲ. ಮನೆಯಲ್ಲಿ ಹೆಂಡತಿ ಮಾತ್ರ ಒಂದೇ ಮಾತಿನಲ್ಲಿ ನನ್ನನ್ನು ಖುಲಾಸೆ ಮಾಡಿದಳು: "ಕರೆಂಟ್ ಬೇಲಿ ಮುಟ್ಟೋ ಧೈರ್ಯ ನಿಮಗೆಲ್ಲಿಂದ ಬರ್ಬೇಕು?" ಅವಳ ತಮ್ಮ ಮಾದೇಶ ಮಾತ್ರ ಇಂದಿಗೂ ನಾನು ಹಬ್ಬಕ್ಕೆ ಹೋದರೆ, "ಭಾವ ಬಂದವ್ರೆ, ಬೇಲಿ ತಾವ ಒಬ್ರು ನಿಂತ್ಕಳ್ರಪ್ಪೋ," ಎಂದು ಕೂಗುತ್ತಾನೆ. ಎಲ್ಲರೂ ನಗುತ್ತಾರೆ. ರತ್ನ ನಗುವುದಿಲ್ಲ. ಅಂದಿನಿಂದ ಅವಳಿಗೊಂದು ಅಭ್ಯಾಸವಾಗಿದೆ: ಸಂಜೆ 'ಬೇಲಿ ಆಕ್ದೇ' ಎಂದು ನಾಲ್ಕು ಹೊಲದವರಿಗೆ ಕೇಳಿಸುವಂತೆ ಕೂಗಿ ಸ್ವಿಚ್ ಹಾಕುತ್ತಾಳೆ.

ಆಮೇಲೆ ತಂಗಿಯ ಮಗಳ ಮನೆಯಿಂದ ಓಎಂ ಒಂದೆರಡು ಸಲ ರೇಡಿಯೋದಲ್ಲಿ ನನ್ನ ಕರೆಗುರುತು, ಅಂದರೆ ಲೈಸೆನ್ಸಿನ ಜೊತೆ ಸಿಕ್ಕ ರೇಡಿಯೋ ಹೆಸರು, ಹೇಳಿ ಕರೆದರು. ಅವರ ಮೋರ್ಸ್ ಕೈಬರಹದ ಹಾಗೆ, ಸಾವಿರ ಜನರಲ್ಲೂ ಗುರುತು ಸಿಗುತ್ತಿತ್ತು. ಏನೂ ನಡೆದೇ ಇಲ್ಲವೆಂಬಂತೆ, 'ಹೇಗಿದ್ದೀರಿ ಓಎಂ' ಎಂದು ಕೇಳಿದರು. ನಾನು ಕೈಯನ್ನು ಮೋರ್ಸ್ ಒತ್ತುವ ಕೀಲಿಯಿಂದ ದೂರವಿಟ್ಟುಕೊಂಡು ಪೂರ್ತಿ ಕೇಳಿದೆ. ಚೆನ್ನಾಗಿ ಕೇಳಿಸುತ್ತಿರಲಿಲ್ಲ. ಅಲ್ಲಿ ಬೇಲಿ ಇರಲಿಲ್ಲ.

ಎರಡು ವಾರದ ಹಿಂದೆ ತೀರಿಕೊಂಡರು. ತಂಗಿಯ ಮಗಳು ಅವರ ಕಾಯಿಲನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಂಗಡಿಗೆ ತಂದಿಟ್ಟು, "ಹುಣಸೂರಿನ ನನ್ನ ಶಿಷ್ಯನಿಗೆ ಕೊಡು ಅಂದಿದ್ರು ಮಾವ," ಎಂದರು. ನಮ್ಮ ಹವ್ಯಾಸಿ ಬಳಗದ ಕಾರ್ಯದರ್ಶಿಗಳು ಫೋನ್ ಮಾಡಿದರು. ಭಾನುವಾರ ಸಂಜೆ ಆರೂ ಮುಕ್ಕಾಲಿಗೆ ಎಲ್ಲರೂ ಓಎಂ ಆವರ್ತನದಲ್ಲಿ ಮೂರು ನಿಮಿಷ ಮೌನವಾಗಿರುವುದು. ಮೌನ ಮುಗಿದೊಡನೆ, ಅದೇ ಜಾಗದಿಂದ, ಅದೇ ಕಾಯಿಲಿನಿಂದ, ನಾನು ಅವರ ಕರೆಗುರುತನ್ನು ಕೊನೆಯ ಸಲ ಕಳಿಸುವುದು. "ಆಮೇಲೆ ನಮ್ಮ ಪತ್ರಿಕೆಗೆ ಅವರ ಬಗ್ಗೆ ಒಂದೆರಡು ಪುಟ. ನಿಮಗಿಂತ ಹತ್ತಿರದವರು ಯಾರಿದಾರೆ?"

ಹೋದೆ. ಮಾದೇಶ ಗೊಬ್ಬರ ತರಲು ಕೋಟೆಗೆ ಹೋಗಿದ್ದ. ಹಿಂದಿನ ಮನೆಯಲ್ಲಿ ಕಾಯಿಲ್ ಇಟ್ಟು ತಂತಿ ಕಟ್ಟಿ, ಬಿದಿರು ಕಡ್ಡಿಯಿಂದ ಕ್ಲಿಪ್ ಸರಿಸಿ, ದೂರ ಹೋಗಿ ನೋಡಿದೆ. ಯಾವ ಸುತ್ತಿಗೂ ದೀಪ ಹತ್ತಲಿಲ್ಲ. ಹತ್ತುವುದಿಲ್ಲವೆಂದು ಗೊತ್ತಿತ್ತು. ಅದು ಬೇಲಿಗೆ ಹೊಂದಿಸಿದ ಕಾಯಿಲು. ಬೇಲಿ ಕಿಟಕಿಯ ಆಚೆಗೇ ಇತ್ತು, ಸ್ವಿಚ್ ಕೈಗೆಟುಕುವಷ್ಟು ಹತ್ತಿರ. ಐದು ನಿಮಿಷ ತೆಗೆದರೆ ಸಾಕಿತ್ತು.

"ಬೇಲಿ ಆಕ್ದೇ!" ಎಂದು ರತ್ನ ಕೂಗಿದಳು.

ಆರೂ ಮುಕ್ಕಾಲಾಯಿತು. ಹೆಡ್‌ಫೋನಿನಲ್ಲಿ ಎಲ್ಲರೂ ಸುಮ್ಮನಾದರು. ಉಳಿದದ್ದು ಟಿಕ್, ಟಿಕ್. ರತ್ನ ಟೀ ತಂದು ಪಕ್ಕದಲ್ಲಿಟ್ಟಳು.

"ಏನ್ ಕೇಳ್ತದಣ್ಣ ಅದ್ರಲ್ಲಿ?"

ಹೆಡ್‌ಫೋನ್ ತೆಗೆದು ಅವಳ ಕಿವಿಗಿಟ್ಟೆ. ತಲೆ ಓರೆ ಮಾಡಿ ಕೇಳಿದಳು.

"ಟಿಕ್ ಟಿಕ್ ಅಂತದೆ."

"ನಿಮ್ಮ ಬೇಲಿ ಕಣಮ್ಮ."

"ಆವತ್ತೂ ನಾನು ಆಕಿದ್ದೆ ಕಣಣ್ಣ."

"ಗೊತ್ತಮ್ಮ."

"ನೀವ್ ತೆಗೀನಿಲ್ಲ ಅಂತ ನಂಗೂ ಗೊತ್ತು. ಆ ಸಂಜೆ ನೀವ್ ಬಂದೇ ಇರ್ನಿಲ್ವಲ್ಲ."

"ಮತ್ತೆ ಮಾದೇಶನಿಗೆ ಯಾಕೆ ಹೇಳಲಿಲ್ಲ?"

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. "ಯೋಳಿದ್ರೆ ಮತ್ತೆ ನನ್ ತಲೆಗೇ ಬತ್ತಿತ್ತಲ್ಲಣ್ಣ. ನೀವಾದ್ರೆ ಉಣಸೂರಲ್ಲಿರೋರು, ತಡ್ಕತೀರಿ." ಖಾಲಿ ತಟ್ಟೆ ಹಿಡಿದು ಒಳಗೆ ಹೋದಳು.

ಮೂರು ನಿಮಿಷ ಮುಗಿದದ್ದು ನನಗೆ ತಿಳಿಯಲೇ ಇಲ್ಲ. ಫೋನ್ ಹೊಡೆದುಕೊಂಡಿತು.

"ಏನ್ರೀ, ಎಲ್ಲ ಕಾಯ್ತಾ ಇದೀವಿ," ಎಂದರು ಕಾರ್ಯದರ್ಶಿಗಳು. "ಓಎಂ ಕರೆಗುರುತು ಬರಲೇ ಇಲ್ಲವಲ್ಲ? ಕಾಯಿಲ್ ಹೊಂದಲಿಲ್ವಾ?"

"ಇಲ್ಲ ಸಾರ್. ಬೇಲಿ ಹಾಕಿದೆ."

"ಬೇಲಿನಾ? ಹಾಗಂದ್ರೆ ಏನ್ರೀ?"

ಅದನ್ನು ಫೋನಿನಲ್ಲಿ ಹೇಳಲಾಗಲಿಲ್ಲ. ಆದ್ದರಿಂದ, ಕಾರ್ಯದರ್ಶಿಗಳೇ, ಇದನ್ನೆಲ್ಲ ಬರೆದೆ; ನೀವು ಕೇಳಿದ ಎರಡು ಪುಟಕ್ಕಿಂತ ಹೆಚ್ಚಾಗಿದೆ. ಪತ್ರಿಕೆಗೆ ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಕೈ ತೆಗೆದಿದ್ದೇನೆ.